ಗೂಳಪ್ಪನ ತಾಟಿನ ರೊಟ್ಟಿ

ಅಂದು ಮುಂಜಾನೆಯಿಂದ ಮಲಕಪ್ಪನ ಪಾಲಿಗೆ ಲೋಕದಲ್ಲಿ ಎರಡೇ ಜಾತಿ: ಎಣಿಸಲಿಕ್ಕೆ ಬರುವಂಥದು, ಬರದಂಥದು. ದಾಂಡೇಲಿಯ ಕಾಗದದ ಕಾರ್ಖಾನೆಯಲ್ಲಿ ಬಿದಿರು ಹೊತ್ತು ಹೊತ್ತು ಅವನ ಹೆಗಲು ಕೆತ್ತಿಹೋಗಿತ್ತು. ಮಧ್ಯಾಹ್ನ ಸಾಹೇಬರು ಇಂಗ್ಲಿಷಿನಲ್ಲಿ ಪ್ರಶ್ನೆ ಕೇಳಿ ಒಬ್ಬನನ್ನು ಬರೆಯುವ ಕೆಲಸಕ್ಕೆ ಆರಿಸುವವರಿದ್ದರು. ಕಂಡ ಕಂಡ ವಸ್ತು ತೋರಿಸಿ ಹೇಳುತ್ತ ಹೋದರೆ ಇಂಗ್ಲಿಷ್ ವ್ಯಾಕರಣದ ಪಾಠ ತಲೆಯಲ್ಲಿ ಕೂಡುತ್ತದೆಂದು ರಾತ್ರಿ ಶಾಲೆಯ ಮಾಸ್ತರು ಹೇಳಿದ್ದರು.

ಹೆಂಡತಿ ಕೆಂಚವ್ವ ತುಂಬಿ ತಂದ ಕೊಡ ಮುಟ್ಟಿ "ಕೌಂಟೇಬಲ್" ಎಂದ. ಒಳಗೆ ಮೊಳಕೈತನಕ ಕೈ ಅದ್ದಿ, ನೀರು "ಅನ್‌ಕೌಂಟೇಬಲ್" ಎಂದ.

"ಕುಡಿಯೋ ನೀರಾಗ ಕೈ ಅದ್ದಿದ್ರಿ. ಇನ್ನ ನೀವ ಹೋಗಿ ತುಂಬಕೊಂಡ ಬರ್ರಿ" ಎಂದು ಆಕೆ ನೀರು ಚೆಲ್ಲಿ ಖಾಲಿ ಕೊಡ ಅವನ ಹೆಗಲಿಗೇರಿಸಿದಳು.

ನಳದ ದಾರಿಯಲ್ಲಿ ಅದೇ ಕಾರ್ಖಾನೆಯ ಗೂಳಪ್ಪ ತನ್ನ ಬಾಗಿಲಲ್ಲಿ ಕೂತು ಉಣ್ಣುತ್ತಿದ್ದ. ಬಣವೆಯಂಥ ಆಳು. ಮಲಕಪ್ಪ ಕೊಡ ಇಳಿಸಿ ತಾಟಿನತ್ತ ಬೆರಳು ಮಾಡಿದ. ಮೊಸರು ಬರದಂಥದು, ಶೇಂಗಾ ಚಟ್ನಿ ಬರದಂಥದು. ರೊಟ್ಟಿ? ಖಾತ್ರಿ ಮಾಡಿಕೊಳ್ಳಲು ಗಟ್ಟಿಯಾಗಿ ಎಣಿಸಿಯೇಬಿಟ್ಟ. "ವನ್, ಟೂ, ಥ್ರೀ..." ಒಂಬತ್ತಕ್ಕೆ ಬಂದು ನಿಂತ. ಇಂಗ್ಲಿಷು ಬಾರದಿದ್ದರೂ ಬೆರಳಿನ ಭಾಷೆ ಓಣಿಗೆಲ್ಲ ತಿಳಿಯಿತು.

ಗೂಳಪ್ಪನ ತುತ್ತು ಬಾಯಿಯ ಹತ್ತಿರವೇ ನಿಂತಿತು. ಬಿಕ್ಕಳಿಕೆ ಹತ್ತಿತು. ಅವನ ತಾಯಿ ಮುದಕವ್ವ ಹೊರಗೆ ಬಂದು ಎದೆಗೆ ಕೈ ಹಚ್ಚಿಕೊಂಡಳು.

"ಉಣ್ಣೋ ಮನಶ್ಯಾನ ರೊಟ್ಟಿ ಎಣಿಸಿದ್ಯೇನೋ ತಮ್ಮಾ? ನಿನ್ನ ಬೆರಳಿಗೆ ಬ್ಯಾರೆ ಏನೂ ಸಿಗಲಿಲ್ಲೇನು?"

ಇದು ವ್ಯಾಕರಣ ಎಂದು ಮಲಕಪ್ಪ ತಿಳಿಸಿಹೇಳಹೋದ. ಅದೆಂಥ ಮಾಟವೋ ಎಂದು ಹೆಂಗಸರು ಎರಡು ಹೆಜ್ಜೆ ಹಿಂದೆ ಸರಿದರು. ದೃಷ್ಟಿ ತಾಗಿತೆಂದು ಗೂಳಪ್ಪನಿಗೆ ಉಪ್ಪು ಮೆಣಸಿನಕಾಯಿ ನಿವಾಳಿಸಿದರು, ಕಸಬರಿಗೆ ಇಳಿಸಿದರು, ಕಡೆಗೆ ಮಲಕಪ್ಪನ ಚಪ್ಪಲಿಯನ್ನೂ ಇಳಿಸಿದರು. ಬಿಕ್ಕಳಿಕೆ ಮಾತ್ರ ಗಡಿಯಾರದ ಹಾಗೆ ನಡೆದೇ ಇತ್ತು. ಆಗ ಮುದಕವ್ವ ಮಲಕಪ್ಪನ ಅಂಗೈಗೆ ದೇವರ ಅರಿಶಿನದ ಭಂಡಾರ ಸುರಿದಳು.

"ದ್ಯಾಮವ್ವನ ಆಣಿ, ಉಸರ ಇರೋತನಕ ಯಾರ ರೊಟ್ಟೀನೂ ಎಣಸಂಗಿಲ್ಲ ಅನ್ನು."

ಅಂದ. ಬಿಕ್ಕಳಿಕೆ ಟಕ್ಕನೆ ನಿಂತಿತು. ಎಲ್ಲರಿಗಿಂತ ಹೆಚ್ಚು ದಂಗಾದವನು ಮಲಕಪ್ಪನೇ.

ಮಧ್ಯಾಹ್ನ ಹಳದಿ ಅಂಗೈಯಲ್ಲೇ ಆಫೀಸಿಗೆ ಓಡಿದ. ಸಾಹೇಬರು ಹತ್ತು ಪ್ರಶ್ನೆ ಕೇಳಿದರು. ಹತ್ತಕ್ಕೂ ಅವನ ಉತ್ತರ ಜೋಳದ ಅರಳು ಸಿಡಿದಂತೆ ಸಿಡಿಯಿತು. ಅವರು ಸಂತೋಷದಿಂದ ಕೈ ಕುಲುಕಿ ತಮ್ಮ ಕೈಯನ್ನೂ ಹಳದಿ ಮಾಡಿಕೊಂಡರು. ಒಂದು ಲೆಕ್ಕದ ವಹಿ, ಒಂದು ಪೆನ್ಸಿಲು ಕೊಟ್ಟು, ಕೆಲಸ ಈ ಗಳಿಗೆಯಿಂದಲೇ ಎಂದು ತಾವೇ ಮುಂದಾಗಿ ನಡೆದರು. ಹೆಗಲು ಹಗುರಾದ ಮಲಕಪ್ಪ ಹಿಂದಿನಿಂದ ಹಾರುತ್ತಲೇ ಹೋದ.

ಸಾಹೇಬರು ನಿಂತದ್ದು ಕ್ಯಾಂಟೀನಿನ ಬಾಗಿಲಲ್ಲಿ. ದಿನಾಲೂ ಕಡೆಗೆ ಬಂದವರಿಗೆ ಊಟ ಸಾಲುತ್ತಿಲ್ಲವಂತೆ. ಇನ್ನು ಮೇಲೆ ಒಬ್ಬೊಬ್ಬನ ತಾಟು ನೋಡಿ, ರೊಟ್ಟಿ ಎಣಿಸಿ ಬರೆದಿಡಬೇಕಂತೆ.

ಮಲಕಪ್ಪನ ಅಂಗೈಯ ಭಂಡಾರ ಬೆವರಿಗೆ ಕರಗಿತು. ಅಷ್ಟರಲ್ಲಿ ಊಟದ ಗಂಟೆ ಹೊಡೆಯಿತು. ಸಾಲಿನ ಮುಂದೆ, ಮುಂಜಾನೆಯ ಅರ್ಧ ಹಸಿವನ್ನೂ ಹೊತ್ತುಕೊಂಡು, ತುಂಬಿದ ತಾಟು ಹಿಡಿದು ನಿಂತವನು ಗೂಳಪ್ಪ. ಅವನು ವಹಿ ನೋಡಿದ, ಪೆನ್ಸಿಲು ನೋಡಿದ.

ಒಂದು ಬಿಕ್ಕಳಿಕೆ ಬಂತು.

ಮಲಕಪ್ಪ ವಹಿಯನ್ನು ಮೆಲ್ಲಗೆ ಸಾಹೇಬರ ಕೈಗಿಟ್ಟ.

"ಸಾಹೇಬ್ರ, ನನ್ನ ಬಿದಿರು ಹೊರೋ ಕೆಲಸ ಇನ್ನೂ ಯಾರಿಗೂ ಕೊಟ್ಟಿಲ್ಲಲ್ರೀ?"