ರಕ್ತ ಉಮಾನಾಥನದು, ಹೆಸರು ಅಜಿತನದು

ಉಪ್ಪುಂದದ ಉಮಾನಾಥನಿಗೆ ಐವತ್ತೊಂದನೇ ವಯಸ್ಸಿನಲ್ಲಿ ಹತ್ತಿಕೊಂಡ ಕಾಯಿಲೆಗೆ ಬಹಳ ದಿನ ಹೆಸರೇ ಇರಲಿಲ್ಲ. ಮಧ್ಯಾಹ್ನ ಉಂಡರೆ ಕಣ್ಣು ತಾನಾಗಿ ಮುಚ್ಚುತ್ತಿತ್ತು. ಅವನದು ಶಾಮಿಯಾನ ಅಂಗಡಿ. ಮದುವೆ ಮನೆಯಿಂದ ವಾಪಸು ಬಂದ ಕುರ್ಚಿಗಳನ್ನು ಎಣಿಸುವಾಗ ಇನ್ನೂರು ದಾಟುತ್ತಲೇ ಬೇಸರ ಬಂದು, ಉಳಿದದ್ದು ದೇವರ ಲೆಕ್ಕ ಎಂದು ಬಿಟ್ಟುಬಿಡುತ್ತಿದ್ದ. ಯುಗಾದಿಯ ದಿನ ಹೆಂಡತಿ ರಾಜೀವಿ ಹೊಸ ಸೀರೆ ಉಟ್ಟು ಎದುರು ಬಂದು ನಿಂತಾಗ, "ಗಾಳಿಗ್ ಅಡ್ಡ ನಿಲ್ಬೇಡ ಮಾರಾಯ್ತಿ, ಫ್ಯಾನ್ ಹಿಂದ್ ಇತ್ತ್" ಎಂದುಬಿಟ್ಟಿದ್ದ. (ಆ ಒಂದು ಮಾತಿಗೆ ಅವನು ಒಂಬತ್ತು ದಿನ ಉಪ್ಪಿಲ್ಲದ ಸಾರು ಉಂಡ.)

ಬೇರೆ ಯಾರಾದರೂ ಆಗಿದ್ದರೆ ವಯಸ್ಸಾಯಿತು ಎಂದು ಸುಮ್ಮನಿರುತ್ತಿದ್ದರು. ಆದರೆ ಉಮಾನಾಥ ಹುಟ್ಟಾ ಕುತೂಹಲಿ. ಮಿಕ್ಸಿ ಹೇಗೆ ತಿರುಗುತ್ತದೆಂದು ತಿಳಿಯಲು ಮಿಕ್ಸಿಯನ್ನೇ ಬಿಚ್ಚಿದವನು. ತಿಳಿದ ಮೇಲೆ ಅದು ತಿರುಗಲಿಲ್ಲ, ಆ ಮಾತು ಬೇರೆ. ಫೋನಿನಲ್ಲಿ ಹುಡುಕಿದಾಗ ಹತ್ತು ಪ್ರಶ್ನೆಗಳ ಒಂದು ಪಟ್ಟಿ ಸಿಕ್ಕಿತು. ಸುಸ್ತಾ? ಹೌದು. ಹೊಟ್ಟೆ ಬಂದಿದೆಯಾ? ಅದು ಬಂದು ಹತ್ತು ವರ್ಷವಾಯಿತು. ಸಿಡುಕಾ? ಈ ಪ್ರಶ್ನೆ ಕೇಳಿದವನ ಮೇಲೆಯೇ ಅವನಿಗೆ ಸಿಟ್ಟು ಬಂತು. ಒಂಬತ್ತಕ್ಕೆ ಹೌದು ಎಂದು ಒತ್ತಿದ ಮೇಲೆ ಫೋನು ತೀರ್ಪು ಕೊಟ್ಟಿತು: ಟೆಸ್ಟೋಸ್ಟೀರಾನ್ ಕಡಿಮೆ ಇರಬಹುದು. ಅಲ್ಲಿಂದಾಚೆಗೆ ಫೋನು ತೆರೆದರೆ ಸಾಕು, ಕುದುರೆ ಚಿತ್ರದ ಡಬ್ಬಿಗಳ ಜಾಹೀರಾತು. ಉಮಾನಾಥ ಫೋನನ್ನು ಮಗುಚಿಟ್ಟು ಉಣ್ಣುವ ಅಭ್ಯಾಸ ಮಾಡಿಕೊಂಡ. ಐವತ್ತೊಂದು ವರ್ಷ ತನ್ನೊಳಗೇ ಇದ್ದ ಈ ಪದಾರ್ಥದ ಪರಿಚಯವನ್ನು ಇಷ್ಟು ದಿನ ಯಾರೂ ಮಾಡಿಸಿರಲಿಲ್ಲವಲ್ಲ ಎಂಬುದೇ ಅವನಿಗೆ ದೊಡ್ಡ ಆಶ್ಚರ್ಯ.

ಕುಂದಾಪುರದ ಡಾಕ್ಟರು ಎಲ್ಲ ಕೇಳಿಸಿಕೊಂಡು ಬಿಪಿ ನೋಡಿದರು, ಹೊಟ್ಟೆಯ ಸುತ್ತಳತೆ ನೋಡಿದರು, ಆ ಸಂಖ್ಯೆಯನ್ನು ಬರೆಯುವಾಗ ಹುಬ್ಬು ಏರಿಸಿದರು.

"ಕಮ್ಮಿ ಇರೂಕೂ ಸಾಕ್, ಇಲ್ದೇ ಇರೂಕೂ ಸಾಕ್. ರಕ್ತ ಕಾಣ್ದೆ ಹೇಳೂಕ್ ಆತಿಲ್ಲೆ. ಬೆಳಿಗ್ಗೆ ಎಂಟ್ ಗಂಟಿಗೆ, ಖಾಲಿ ಹೊಟ್ಟಿಯಲ್ಲ್ ಕೊಡಿ."

"ಬೆಳಿಗ್ಗೆಯೇ ಎಂತಕ್ಕೆ?" ಉಮಾನಾಥ ಕುರ್ಚಿಯ ತುದಿಗೆ ಬಂದ.

"ಅದ್ ಬೆಳಿಗ್ಗೆ ಜಾಸ್ತಿ ಇರತ್ತ್, ಹೊತ್ತ್ ಏರ್ದಾಂಗೆ ಇಳಿತ್ತ್."

"ಹೌದಾ! ಎಲ್ಲಿಗ್ ಇಳಿತ್ತ್?"

ಡಾಕ್ಟರಿಗೆ ಇನ್ನೂ ಹದಿನೆಂಟು ಜನ ಕಾಯುತ್ತಿದ್ದರು. ಚೀಟಿ ಬರೆದು ಕೊಟ್ಟರು.

ಈಗ ತೊಂದರೆ ಶುರುವಾಯಿತು. ಶಿರೂರಿನಿಂದ ಕುಂದಾಪುರದ ತನಕ ಉಮಾನಾಥನ ಕುರ್ಚಿಯಲ್ಲಿ ಕೂರದ ಮನುಷ್ಯನಿಲ್ಲ. ಬೈಂದೂರಿನ ಲ್ಯಾಬಿನಲ್ಲಿ ಪಕ್ಕದ ಮನೆಯ ಮೋಕ್ಷಿತಾ ಕೆಲಸಕ್ಕಿದ್ದಾಳೆ. ಕುಂದಾಪುರದ ಲ್ಯಾಬಿನವನ ಮದುವೆಗೆ ಚಪ್ಪರ ಹಾಕಿದ್ದೇ ಇವನು. ಶಾಮಿಯಾನದ ಉಮಾನಾಥನಿಗೆ ಗಂಡಸರ ಹಾರ್ಮೋನು ಕಮ್ಮಿಯಂತೆ ಎಂಬ ಸುದ್ದಿ ಒಂದು ಮದುವೆ ಮನೆಯಲ್ಲಿ ಬಿದ್ದರೆ ಸಾಕು, ಪಾಯಸ ಬರುವ ಮೊದಲು ಆರುನೂರು ಕುರ್ಚಿಗೂ ಮುಟ್ಟುತ್ತದೆ. ಆದ್ದರಿಂದ ಅವನು ಹೊಸ ಕುರ್ಚಿ ನೋಡಲು ಹೋಗುತ್ತೇನೆಂದು ಮನೆಯಲ್ಲಿ ಹೇಳಿ, ಖಾಲಿ ಹೊಟ್ಟೆಯಲ್ಲಿ, ಬಸ್ಸು ಹತ್ತಿ ದೂರದ ಬ್ರಹ್ಮಾವರಕ್ಕೆ ಹೋದ.

ಕೌಂಟರಿನ ಹುಡುಗಿ ಪೆನ್ನು ಹಿಡಿದು, "ಹೆಸ್ರು?" ಎಂದಳು.

ಆ ಕ್ಷಣಕ್ಕೆ ಸರಿಯಾಗಿ ಉಮಾನಾಥನ ಕೈಯಲ್ಲಿದ್ದ ಫೋನು ನಡುಗಿತು. ಪರದೆಯ ಮೇಲೆ 'ಅಜಿತ್' ಎಂದು ಬಂತು. ಅಜಿತನೆಂದರೆ ರಾಜೀವಿಯ ತಮ್ಮ, ಬೈಂದೂರಿನಲ್ಲಿ ಬೇಕರಿ ಇಟ್ಟುಕೊಂಡವನು. ಗಾಬರಿಯಲ್ಲಿದ್ದ ಉಮಾನಾಥ ಕಣ್ಣಿಗೆ ಕಂಡದ್ದನ್ನೇ ಓದಿದ.

"ಅಜಿತ್."

"ಪ್ರಾಯ?"

ಸುಳ್ಳು ಹೇಳುವುದಾದರೆ ಪ್ರಾಮಾಣಿಕವಾಗಿ ಹೇಳಬೇಕೆಂದು, "ಮೂವತ್ನಾಲ್ಕು" ಎಂದ. ಹುಡುಗಿ ತಲೆಯೆತ್ತಿ ಅವನ ಬೋಳುತಲೆಯನ್ನು ನೋಡಿದಳು, ಹೊಟ್ಟೆಯನ್ನು ನೋಡಿದಳು.

"ಬೊಂಬಾಯಿ ಹೋಟ್ಲಲ್ಲ್ ಇದ್ದಿದ್ದೆ," ಎಂದ ಉಮಾನಾಥ. "ಅಲ್ಲಿನ್ ನೀರ್ ಹಾಂಗೆ."

"ಫೋನ್ ನಂಬರು?"

ಅವನಿಗೆ ತನ್ನ ಸ್ವಂತ ನಂಬರು ಬಾರದು. (ತನಗೆ ತಾನೇ ಯಾರು ಫೋನು ಮಾಡುತ್ತಾರೆ?) ಬಾಯಿಪಾಠ ಇದ್ದದ್ದು ರಾಜೀವಿಯದು ಒಂದೇ. ಗ್ಯಾಸು, ಬ್ಯಾಂಕು, ರೇಷನ್ನು ಎಲ್ಲದಕ್ಕೂ ಅದೇ. ಬುಕಿಂಗ್ ಕೂಡ ಅವಳೇ ತೆಗೆದುಕೊಳ್ಳುವುದು. ಇವನು ತೆಗೆದುಕೊಂಡರೆ ಒಂದೇ ದಿನ ಎರಡು ಮದುವೆಗೆ ಅದೇ ಕುರ್ಚಿಗಳನ್ನು ಕೊಟ್ಟುಬಿಡುತ್ತಾನೆ. ಹಾಗಾಗಿ ಅಂಗಡಿಯ ಬೋರ್ಡಿನ ಮೇಲೂ, ಆರುನೂರು ಕುರ್ಚಿಗಳ ಬೆನ್ನ ಮೇಲೂ 'ಉಮಾನಾಥ ಶಾಮಿಯಾನ, ಉಪ್ಪುಂದ' ಎಂಬುದರ ಕೆಳಗೆ ಬಿಳಿ ಬಣ್ಣದಲ್ಲಿ ಬರೆಸಿದ್ದು ರಾಜೀವಿಯ ನಂಬರನ್ನೇ. ಹತ್ತು ಅಂಕಿಗಳೂ ಬಾಯಿಂದ ತಡೆಯಿಲ್ಲದೆ ಇಳಿದವು.

ಮರುದಿನ ಮಧ್ಯಾಹ್ನ ಅವನು ಊಟಕ್ಕೆ ಬಂದಾಗ ರಾಜೀವಿ ಫೋನು ಹಿಡಿದು ಅಳುತ್ತಿದ್ದಳು.

"ಹ್ವಾಯ್, ನಮ್ಮ್ ಅಜಿತಂಗೆ ಹೀಂಗಾಯ್ತಲ್ಲೆ! ಹೆಣ್ಣ್ ನೋಡಿ ಒಪ್ಪಿ ಆಯ್ತ್, ಈಗ ಈ ರಿಪೋರ್ಟ್ ಬಂದಿತ್ತ್ ಕಾಣಿ. ಇನ್ನೂರ ಇಪ್ಪತ್ತೆಂಟ್ ಅಂಬ್ರ್. ಮುನ್ನೂರಕ್ಕಿಂತ ಮೇಲ್ ಇರ್ಕಂಬ್ರ್!"

ಉಮಾನಾಥನಿಗೆ ತನ್ನ ಕಾಯಿಲೆಯ ಸುದ್ದಿ ಹೀಗೆ ಹೆಂಡತಿಯ ಕಣ್ಣೀರಿನ ಮೂಲಕ, ಭಾವಮೈದುನನ ಹೆಸರಿನಲ್ಲಿ ತಲುಪಿತು. ತನ್ನ ಊಹೆ ಸರಿಯಾಯಿತೆಂದು ಒಂದು ಗಳಿಗೆ ಹೆಮ್ಮೆಯೂ ಆಯಿತು. ಆಮೇಲೆ ಲ್ಯಾಬಿನಲ್ಲಿ ತಾನು ಹೇಳಿದ್ದು ಯಾರ ನಂಬರೆಂದು ನೆನಪಾಯಿತು.

"ಅವ ನಿನ್ ನಂಬ್ರ ಎಂತಕ್ ಕೊಟ್ಟ?" ಎಂದು ಮೆಲ್ಲಗೆ ಕೇಳಿದ.

"ಪಾಪ, ಮತ್ತ್ ಯಾರಿಗ್ ಹೇಳ್ಕಣ್ಕ್ ಅವ? ಬಾಯಿ ಬಿಟ್ ಹೇಳೂಕ್ ನಾಚ್ಕಿ. ಅಕ್ಕಂಗ್ ಗೊತ್ತಾಗ್ಲಿ ಅಂದೇಳಿ ಹೀಂಗ್ ಮಾಡಿದ. ನೀವ್ ಅವ್ನ್ ಹತ್ರ ಕೇಳೂಕ್ ಹೋಪ್ದ್ ಬ್ಯಾಡ, ಮಾನ ಹೋತ್ತ್."

ನಿಜ ಹೇಳುವುದಿದ್ದರೆ ಆಗಲೇ ಹೇಳಬೇಕಿತ್ತು. ಆದರೆ ಅವಳು ಅಷ್ಟರಲ್ಲಿ ಎದ್ದು ಏಡಿ ತರಲು ಹೊರಟಾಗಿತ್ತು.

ಅಂದಿನಿಂದ ಅಜಿತನ ಚಿಕಿತ್ಸೆ ಆರಂಭವಾಯಿತು. ಸೋಮವಾರ ಏಡಿ ಸುಕ್ಕ, ಬುಧವಾರ ಕಾಣೆ ಮೀನು, ಭಾನುವಾರ ಊರ ಕೋಳಿ ಸಾರು. ಮನೆಯಲ್ಲಿ ಎರಡೆರಡು ಅಡುಗೆ ಮಾಡಲು ಅವಳಿಗೆ ಪುರಸೊತ್ತಿಲ್ಲ. "ನಿಮ್ಗೆಂತ, ಗಟ್ಟಿಮುಟ್ಟಾಗಿದ್ರಿ," ಎಂದು ಉಮಾನಾಥನ ಮುಂದೆ ಒಂದು ಲೋಟ ತೆಳ್ಳಗಿನ ಗಂಜಿ, ಹುರುಳಿ ಸಾರು ಇಟ್ಟಳು. ಏಡಿ, ಮೀನು ತುಂಬಿದ ಡಬ್ಬಿಯನ್ನು ಅಜಿತನ ಮನೆಗೆ ಮುಟ್ಟಿಸುವ ಕೆಲಸವೂ ಇವನದೇ. ಗದ್ದೆಯಾಚೆ ಒಂದೂವರೆ ಮೈಲಿ. ಸ್ಕೂಟರಿನಲ್ಲಿ ಹೋದರೆ ಸಾರು ಚೆಲ್ಲುತ್ತದೆಂದು ನಡೆದೇ ಹೋಗಬೇಕು. ತನಗೆ ಸಲ್ಲಬೇಕಾದ ಏಡಿಯನ್ನು ತಾನೇ ಹೊತ್ತು, ಅದರ ಪರಿಮಳವನ್ನು ಮಾತ್ರ ಸೇವಿಸುತ್ತಾ ಉಮಾನಾಥ ವಾರಕ್ಕೆ ಮೂರು ದಿನ ಗದ್ದೆ ದಾಟುತ್ತಿದ್ದ.

ಅಜಿತ ಒಂದು ದಿನವೂ ಯಾಕೆ ಎಂದು ಕೇಳಲಿಲ್ಲ. "ಭಾವ, ಇನ್ನೊಂದ್ಸಲ ಕಾಲ್ ಹೆಚ್ಚ್ ಹಾಕೂಕ್ ಹೇಳಿ ಅಕ್ಕಂಗೆ," ಎಂದು ಏಡಿಯ ಕಾಲು ಚೀಪುತ್ತಾ ಹೇಳುತ್ತಿದ್ದ. ಕುತೂಹಲವಿಲ್ಲದ ಮನುಷ್ಯರಿಗೆ ಈ ಲೋಕದಲ್ಲಿ ಎಷ್ಟು ಸುಖ ಎಂದು ಉಮಾನಾಥನಿಗೆ ಹೊಟ್ಟೆ ಉರಿಯಿತು.

ಗುಟ್ಟಾಗಿ ಡಾಕ್ಟರ ಬಳಿ ಹೋಗಿ ಸಂಖ್ಯೆ ಹೇಳಿದ. ಇಂಜೆಕ್ಷನ್ನು ಕೊಡುತ್ತಾರೆಂದು ಅಂಗಿಯ ತೋಳು ಮಡಚಿಕೊಂಡೇ ಹೋಗಿದ್ದ.

"ಒಂದ್ ಸಲದ ಲೆಕ್ಕ ನಂಬ್ಕಂಡ್ ಔಷಧಿ ಶುರು ಮಾಡೂಕಿಲ್ಲೆ," ಎಂದರು ಡಾಕ್ಟರು. "ಹೊಟ್ಟಿ ಕರಗ್ಸಿ, ನಡಿನಿ, ಸಮ ನಿದ್ದಿ ಮಾಡಿ. ಎರಡ್ ತಿಂಗ್ಳ್ ಬಿಟ್ಟ್ ಮತ್ತೊಂದ್ಸಲ ಕಾಂಬ. ಊಟ ಎಂತ ಮಾಡ್ತ್ರಿ?"

"ಗಂಜಿ," ಎಂದ ಉಮಾನಾಥ, ಏಡಿಯನ್ನು ನೆನೆದು.

"ಬಾರೀ ಲಾಯ್ಕ್!"

ಎರಡು ತಿಂಗಳಾಗುವ ಹೊತ್ತಿಗೆ ಶಿರೂರಿನ ಹೆಣ್ಣಿನ ಕಡೆಯವರು ಅಜಿತನ ಮನೆ ನೋಡಲು ಬರುವುದೆಂದಾಯಿತು. ಹೆಣ್ಣು ಸೌಮ್ಯಶ್ರೀ. ಅಜಿತನಿಗೆ ಅವಳು ಎಷ್ಟು ಮೆಚ್ಚುಗೆಯಾಗಿದ್ದಳೆಂದರೆ ಬೇಕರಿಯ ಹೊಸ ಕೇಕಿಗೆ ಅವಳ ಹೆಸರಿಟ್ಟಿದ್ದ. ಹಿಂದಿನ ದಿನ ರಾಜೀವಿ ಗಂಡನನ್ನು ಕೂರಿಸಿಕೊಂಡು ಹೇಳಿದಳು:

"ನಾಳೆ ನಾನ್ ಹೆಣ್ಣಿನ್ ತಾಯಿ ಹತ್ರ ಎಲ್ಲ ಹೇಳ್ತೆ. ಮುಚ್ಚಿಟ್ಟ್ ಮದಿ ಮಾಡೂಕಾಗ. ಆ ಹೆಣ್ಣೂ ಒಬ್ರ್ ಮನಿ ಮಗ್ಳೇ ಅಲ್ದಾ?"

"ಹೇಳ್ಬೇಡ ಮಾರಾಯ್ತಿ, ಸಂಬಂಧ ಮುರಿತ್ತ್!"

"ಮುರಿಲಿ. ಸುಳ್ಳಿನ್ ಮೇಲ್ ಚಪ್ಪರ ಹಾಕೂಕಾಗ."

ಚಪ್ಪರ ಹಾಕುವುದೇ ಕಸುಬಾದವನಿಗೆ ಅದು ನೇರ ಎದೆಗೆ ನಾಟಿತು.

ಮರುದಿನ ಅಜಿತನ ಅಂಗಳದಲ್ಲಿ ಉಮಾನಾಥನ ಇಪ್ಪತ್ತು ಕುರ್ಚಿಗಳು, ಅವುಗಳ ಮೇಲೆ ಶಿರೂರಿನವರು. ನಡುವೆ ಹೆಣ್ಣಿನ ಸೋದರಮಾವ ಚಂದಯ್ಯ; ಐವತ್ತು ದಾಟಿದ ಭಾರೀ ಆಸಾಮಿ. ಅವನು ತಲೆಯಾಡಿಸಿದರೆ ಸಂಬಂಧ, ಇಲ್ಲದಿದ್ದರೆ ಇಲ್ಲ. ಅವಲಕ್ಕಿ ತಿಂದಾದ ಮೇಲೆ ಅವನು ತಲೆಯಾಡಿಸಲು ಶುರುಮಾಡಿದ. ನೋಡಿದರೆ ಅದು ತೂಕಡಿಕೆ. ಅಷ್ಟರಲ್ಲಿ ರಾಜೀವಿ ಸೆರಗು ಸರಿಮಾಡಿಕೊಂಡು ಎದ್ದಳು.

"ಒಂದ್ ಮಾತ್ ಹೇಳ್ಕ್. ನಮ್ಮ್ ಅಜಿತನ್ ಆರೋಗ್ಯದ್ದ್..."

ಹೆಣ್ಣಿನ ತಾಯಿ ಚಾ ಲೋಟ ಕೆಳಗಿಟ್ಟಳು. ಅಜಿತ ಬಾಯಲ್ಲಿದ್ದ ಬಿಸ್ಕತ್ತನ್ನು ಹಾಗೇ ಹಿಡಿದು, "ನನ್ ಆರೋಗ್ಯಕ್ಕ್ ಎಂತ ಆಯ್ತ್ ಅಕ್ಕ?" ಎಂದ. ಅವನ ಮುಖದಲ್ಲಿ ಬರೀ ದಿಗಿಲು. ಉಮಾನಾಥನಿಗೆ ಆ ಮುಖ ನೋಡಿ ನಾಚಿಕೆಯಾಯಿತು. ಎರಡು ತಿಂಗಳು ಏಡಿ ತಿಂದದ್ದು ಬಿಟ್ಟರೆ ಆ ಹುಡುಗ ಯಾರಿಗೂ ಏನೂ ಮಾಡಿದವನಲ್ಲ.

ಉಮಾನಾಥ ಎದ್ದು ನಿಂತ. (ಹಿಂದಾಗಿದ್ದರೆ ಕುರ್ಚಿಯೂ ಜೊತೆಯಲ್ಲೇ ಏಳುತ್ತಿತ್ತು, ಈಗ ಏಳಲಿಲ್ಲ.)

"ಅದ್ ನನ್ನ್ ರಕ್ತ!" ಎಂದು ಕೂಗಿದ. "ಹೆಸ್ರ್ ಮಾತ್ರ ಅವಂದ್. ಟೆಸ್ಟೋಸ್ಟೀರಾನ್ ಕಮ್ಮಿ ಇಪ್ಪುದ್ ನಂಗೆ. ಇನ್ನೂರ ಇಪ್ಪತ್ತೆಂಟ್ ನಂದ್! ಅಜಿತಂಗ್ ಎಂತದೂ ಆಯ್ಲಿಲ್ಲೆ!"

ಆರುನೂರು ಕುರ್ಚಿಗಳಿಂದ ಕಾಪಾಡಿಕೊಂಡು ಬಂದ ಗುಟ್ಟನ್ನು ಅವನು ಇಪ್ಪತ್ತು ಕುರ್ಚಿಗಳ ಮುಂದೆ ತಾನೇ ಸಾರಿದ್ದ. ಅಂಕೆಸಂಖ್ಯೆ ಸಮೇತ. ಮೊದಲು ನಕ್ಕವಳು ಹೆಣ್ಣಿನ ತಾಯಿ. ನಕ್ಕು ಕಣ್ಣೊರೆಸಿಕೊಂಡು, ಭಾವಮೈದುನನ ಮಾನಕ್ಕಾಗಿ ತನ್ನ ಮಾನ ಬಿಡುವವರು ಇರುವ ಮನೆ ಕೆಟ್ಟದ್ದಿರಲಾರದು ಎಂದಳು. ಚಂದಯ್ಯ ಈ ಸಲ ಎಚ್ಚರದಲ್ಲೇ ತಲೆಯಾಡಿಸಿದ. ಮದುವೆಯ ದಿನವೂ ಗೊತ್ತಾಯಿತು.

ಎಲ್ಲರೂ ಹೊರಡುವ ಗಡಿಬಿಡಿಯಲ್ಲಿ ಚಂದಯ್ಯ ಉಮಾನಾಥನನ್ನು ಬಾವಿಕಟ್ಟೆಯ ಹತ್ತಿರ ಕರೆದ. ಅಲ್ಲಿ ಖಾಲಿ ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸಿಟ್ಟಿತ್ತು.

"ಹ್ವಾಯ್, ಆ ಲ್ಯಾಬ್ ಎಲ್ಲಿತ್ತ್ ಅಂದ್ರಿ?" ದನಿ ಬಹಳ ತಗ್ಗಿತ್ತು.

"ಬ್ರಹ್ಮಾವರದಲ್ಲ್. ಎಂಟ್ ಗಂಟಿಗೇ ಹೋಯ್ಕ್, ಖಾಲಿ ಹೊಟ್ಟಿಯಲ್ಲ್. ಹೊತ್ತ್ ಏರ್ದಾಂಗೆ ಇಳಿತ್ತ್ ಅದ್," ಎಂದು ಉಮಾನಾಥ ಉತ್ಸಾಹದಿಂದ ವಿವರಿಸಿದ. ಕೊನೆಗೂ ಒಬ್ಬ ಕುತೂಹಲಿ ಸಿಕ್ಕಿದ್ದ.

"ಹೌದಾ. ನಿಮ್ಗ್ ಪ್ರಾಯ ಎಷ್ಟಾಯ್ತ್?"

"ಐವತ್ತೊಂದ್. ಎಂತಕ್ಕೆ?"

"ಹೀಂಗೇ," ಎಂದು ಚಂದಯ್ಯ ಕುರ್ಚಿಯ ಬೆನ್ನನ್ನೇ ನೋಡುತ್ತಾ ನಿಂತ.

ಮನೆಗೆ ಬಂದ ಮೇಲೆ ರಾಜೀವಿ ಕೂಗಾಡಲಿಲ್ಲ. ಅದು ಇನ್ನೂ ಕಷ್ಟವಾಯಿತು.

"ಅಜಿತಂಗೆ ಅಂದೇಳಿ ಅಷ್ಟ್ ಮಾಡ್ದವ್ಳ್, ನಿಮ್ಗ್ ಮಾಡ್ತಿರ್ಲಿಲ್ಯಾ? ನನ್ ಹತ್ರ ಹೇಳೂಕೆ ಎಂತ ಹೆದ್ರಿಕಿ ನಿಮ್ಗೆ?" ಎಂದಳು. ಉಮಾನಾಥ ಅವಳ ಹತ್ತಿರ ಬಂದು ಕೂತ. ಇನ್ನು ಮೇಲೆ ನಿನ್ನ ಹತ್ತಿರ ಒಂದೂ ಸುಳ್ಳು ಹೇಳುವುದಿಲ್ಲವೆಂದು ಅವಳ ಕೈಹಿಡಿದು ಹೇಳಿದ. ಅವನಿಗೆ ಅವಳ ಮೇಲೆ ಎಷ್ಟು ಪ್ರೀತಿಯಿದೆಯೆಂದು ಅವನಿಗೇ ಆವತ್ತು ಗೊತ್ತಾಯಿತು. ಡಾಕ್ಟರು ಹೊಟ್ಟೆ ಕರಗಿಸಲು ಹೇಳಿದ್ದರಿಂದ ಅಲ್ಲಿಯವರೆಗೆ ಗಂಜಿಯೇ, ಎರಡನೇ ಪರೀಕ್ಷೆಯಲ್ಲಿ ಮುನ್ನೂರು ದಾಟಿದರೆ ಏಡಿ ಎಂದು ಅವಳೂ ಮಾತು ಕೊಟ್ಟಳು.

ಈ ಸಲ ಉಮಾನಾಥ ಎದೆಯುಬ್ಬಿಸಿ ಬ್ರಹ್ಮಾವರಕ್ಕೆ ಹೋಗಿ, ಸ್ವಂತ ಹೆಸರನ್ನು ಪಕ್ಕದ ಅಂಗಡಿಗೂ ಕೇಳುವಂತೆ ಹೇಳಿ ರಕ್ತ ಕೊಟ್ಟು ಬಂದ. ಮರುದಿನ ಮಧ್ಯಾಹ್ನ, ಮುನ್ನೂರು ದಾಟಿಯೇ ದಾಟುತ್ತದೆಂಬ ನಂಬಿಕೆಯಲ್ಲಿ, ಒಲೆಯ ಮೇಲೆ ಏಡಿ ಸುಕ್ಕ ಬೇಯುತ್ತಿತ್ತು. ರಾಜೀವಿಯ ಫೋನು ಟಣ್ ಎಂದಿತು.

"ಉಮಾನಾಥ, ಐವತ್ತೊಂದ್," ಎಂದು ಓದಿದವಳು ತಡೆದಳು. "ನೂರ ತೊಂಬತ್ತ್!"

ಉಮಾನಾಥ ಬಾಗಿಲ ದಾರಂದ ಹಿಡಿದುಕೊಂಡ. ಏಳು ಕೆಜಿ ಇಳಿಸಿ, ನೂರು ಮೈಲಿ ನಡೆದು, ಇದ್ದದ್ದೂ ಹೋಯಿತೇ? ಅಷ್ಟರಲ್ಲಿ ಅವನ ಫೋನು ಹೊಡೆದುಕೊಂಡಿತು. ಚಂದಯ್ಯ. ಉಮಾನಾಥ ಅಂಗಳಕ್ಕೆ ನಡೆದ.

"ಹ್ವಾಯ್, ನಿಮ್ ಮನಿಗೊಂದ್ ರಿಪೋರ್ಟ್ ಬಂತಾ? ಅದ್ ನಂದ್. ಲ್ಯಾಬಿನ್ ಹೆಣ್ಣ್ ಹೆಸ್ರ್ ಕೇಂತ್. ಕಣ್ಣೆದ್ರಿಗೆ ಇದ್ದದ್ದ್ ನಿಮ್ಮ್ ಕುರ್ಚಿ, ಹೆಸ್ರೂ ನಂಬ್ರೂ ಅದ್ರಲ್ಲೇ ಇದ್ದಿತ್, ಓದ್ದೆ. ದಮ್ಮಯ್ಯ, ಯಾರಿಗೂ ಹೇಳ್ಬೇಡಿ, ನಿಮ್ ಹೆಂಡ್ತಿಗೂ ಕೂಡ. ನಮ್ಮ್ ಕಡೆಯವ್ರಿಗ್ ಗೊತ್ತಾದ್ರೆ ಮದಿ ಮನಿಯಲ್ಲ್ ನಾನ್ ತಲೆ ಎತ್ತೂಕಿಲ್ಲೆ."

ಲ್ಯಾಬಿಗೂ ತನ್ನ ಕುರ್ಚಿಗಳೇ ಹೋಗಿವೆಯೆಂದು ಉಮಾನಾಥನಿಗೆ ಆಗ ನೆನಪಾಯಿತು. ಹಳೆಯ ನಾಲ್ಕನ್ನು ಕಳೆದ ವರ್ಷ ಯಾರೋ ಬ್ರಹ್ಮಾವರದವರು ಕೊಂಡಿದ್ದರು; ಎರಡು ಸಲ ಹೋದಾಗಲೂ ಅವನು ಕೂತದ್ದೇ ಹೊರತು ಕುರ್ಚಿಯ ಬೆನ್ನು ನೋಡಿರಲಿಲ್ಲ.

ಒಳಗೆ ಬಂದರೆ ಇನ್ನೊಂದು ಟಣ್.

"ಇದ್ರಲ್ಲೂ ಉಮಾನಾಥ, ಐವತ್ತೊಂದ್. ಮುನ್ನೂರ ಎಂಬತ್ತ್!" ರಾಜೀವಿ ಗಂಡನನ್ನು ನೋಡಿದಳು. "ಎರಡ್ರಲ್ಲ್ ನಿಮ್ದ್ ಯಾವ್ದ್? ಸುಳ್ಳ್ ಹೇಳೂಕಾಗ ಕಾಣಿ."

ಉಮಾನಾಥ ಬಾಯಿ ತೆರೆದ. ಮದುವೆಗೆ ಹದಿನಾಲ್ಕು ದಿನವಿತ್ತು. ತನ್ನ ಕಾಯಿಲೆಯನ್ನು ಎರಡು ತಿಂಗಳು ಹೊತ್ತ ಅಜಿತನ ಮುಖ ನೆನಪಾಯಿತು. ಇನ್ನೊಬ್ಬರ ಹೆಸರಿನಲ್ಲಿ ರಕ್ತ ಕೊಡುವ ಉಪಾಯವನ್ನು ಶಿರೂರಿಗೆ ಕಲಿಸಿದವನು ತಾನೇ ಎಂಬುದೂ ನೆನಪಾಯಿತು. ಒಲೆಯ ಮೇಲೆ ಏಡಿ ಘಮಘಮ ಎನ್ನುತ್ತಿತ್ತು.

"ಲ್ಯಾಬಿನವ್ರೇ ಎರಡ್ ಸಲ ಕಂಡಿರ್," ಎಂದ. "ಕಮ್ಮಿ ಇಪ್ಪುದನ್ನೇ ಹಿಡ್ಕಂಬುದ್ ಒಳ್ಳೇದ್ ಕಾಣತ್ತ್."

ರಾಜೀವಿ ನಿಟ್ಟುಸಿರು ಬಿಟ್ಟು ಏಡಿಯನ್ನು ಡಬ್ಬಿಗೆ ತುಂಬಿಸಿದಳು. ಅವನ ಮುಂದೆ ಗಂಜಿ ಇಟ್ಟಳು.

"ಉಂಡ್ಕಂಡ್ ಇದನ್ನ್ ಅಜಿತನ್ ಮನಿಗ್ ಕೊಟ್ಟ್ ಬನಿ. ನಡ್ಕಂಡೇ ಹೋಯ್ನಿ."

ಉಮಾನಾಥ ಡಬ್ಬಿ ಹಿಡಿದು ಗದ್ದೆಗೆ ಇಳಿದ. ದಾರಿಯಲ್ಲಿ ಪೇಂಟರ್ ಕಿಟ್ಟನ ಮನೆ ಸಿಕ್ಕಿತು. ಮದುವೆಯ ದಿನ ಆರುನೂರು ಕುರ್ಚಿಗಳ ಮೇಲೆ ಕೂರುವ, ಐವತ್ತು ದಾಟಿದ ಶಿರೂರಿನ ಗಂಡಸರೆಲ್ಲ ಅವನ ಕಣ್ಣ ಮುಂದೆ ಬಂದರು. ಒಳಗೆ ಹೋಗಿ, ಇವತ್ತೇ ಬಂದು ಎಲ್ಲ ಕುರ್ಚಿಗಳ ಬೆನ್ನಿನಿಂದ ಹೆಸರು ಅಳಿಸಬೇಕು ಎಂದ.

"ನಂಬ್ರ ಇರ್ಲಿಯಾ?" ಎಂದು ಕೇಳಿದ ಕಿಟ್ಟ.

"ಅದನ್ನ್ ಮೊದ್ಲ್ ಅಳ್ಸ್ ಮಾರಾಯ," ಎಂದ ಉಮಾನಾಥ.