ನಾಯಕನಿಗೊಂದು ದೋಷ ಬೇಕಾಗಿದೆ

ನಮ್ಮ ಸೋದರತ್ತೆಯಷ್ಟು ಬರವಣಿಗೆ ಕಲಿತವರು ಹೊಸಪೇಟೆಯಲ್ಲಿ ಇನ್ನೊಬ್ಬರಿಲ್ಲ. ಅಷ್ಟು ಕಲಿತೂ ಅವರಷ್ಟು ಕಡಿಮೆ ಬರೆದವರೂ ಇಲ್ಲ! ಇಲ್ಲಿ ಹೇಳುವ ಸಂಗತಿಗಳು ಕೊಂಚ ಹಿಂದುಮುಂದಾಗಿರಬಹುದು. ಹಾಲು ಉಕ್ಕಿದ್ದು ಮೊದಲೋ, ಉಪ್ಪಿನ ಪ್ರಸಂಗ ಮೊದಲೋ, ನನಗೆ ಖಾತ್ರಿಯಿಲ್ಲ. ದಿನಚರಿಯೇನೋ ಬರೆಯುತ್ತೇನೆ. ಆದರೆ ನಕ್ಕ ದಿನ ಸ್ವಲ್ಪ ಸೇರಿಸಿಯೇ ಬರೆಯುತ್ತೇನೆಂಬ ಅನುಮಾನ ನನಗೇ ಇದೆ.

ಬರಹಗಾರರಿಗೆಂದು ಅಂತರ್ಜಾಲದಲ್ಲಿ ಏನೇನು ಸಿಗುತ್ತದೋ ಎಲ್ಲವೂ ಅತ್ತೆಯ ಮೊಬೈಲಿನಲ್ಲಿದೆ. ಆನ್‌ಲೈನ್ ನಿಘಂಟು, ಕಥಾ ಕಮ್ಮಟದ ವಿಡಿಯೊಗಳು, ದಿನಕ್ಕೊಂದು ವಿಷಯ ಕೊಡುವ ಜಾಲತಾಣ, ಬರೆಯದೆ ಸುಮ್ಮನೆ ಕೂತರೆ ಗಂಟೆ ಬಾರಿಸಿ ಎಚ್ಚರಿಸುವ ಆ್ಯಪ್. ಗಂಟೆ ಬಾರಿಸಿದಾಗಲೆಲ್ಲ ಅತ್ತೆ ಎದ್ದು ಹೋಗಿ ಬಾಗಿಲು ತೆಗೆಯುತ್ತಾರೆ!

ಒಂದು ವಿಡಿಯೊ ಕಥೆಗಾರರಿಗೆ ‘ಹೇಳಬೇಡಿ, ತೋರಿಸಿ’ ಎಂದು ಬೋಧಿಸಿತು. ಅತ್ತೆ ಅದನ್ನು ಊಟಕ್ಕೂ ಅನ್ವಯಿಸಿದರು. ಅವರ ಜೊತೆಗಿದ್ದು ಅಡುಗೆ ಮಾಡುವವಳು ನಾನು. ನನ್ನ ಸಾರಿಗೆ ಉಪ್ಪು ಕಡಿಮೆ ಎನ್ನುವ ಬದಲು ಉಪ್ಪಿನ ಡಬ್ಬಿಯನ್ನು ನನ್ನ ಮುಂದಿಟ್ಟು, ಕಿಟಕಿಯಾಚೆ ನೋಡುತ್ತ ನಿಟ್ಟುಸಿರು ಬಿಟ್ಟರು.

“ಬಾಯಿ ಬಿಟ್ಟು ಹೇಳ್ರಿ ಅತ್ತಿ!”

“ಹೇಳಿಬಿಟ್ರ ಕಲೆ ಎಲ್ಲಿ ಉಳೀತದಲೇ?”

ಕೊನೆಗೂ ಕತೆ ಶುರುವಾಯಿತು. ನಾಯಕ ಬೇರೆ ಯಾರೂ ಅಲ್ಲ, ದೋಣಿಮಲೈಗೆ ಗಣಿಯ ಸ್ಟಾಫ್ ಬಸ್ ಓಡಿಸುತ್ತಿದ್ದ ನಮ್ಮ ಮಾವ, ಅತ್ತೆಯ ಗಂಡ. ಅವರು ಈಗಿಲ್ಲ. ಅವರನ್ನು ಒಂದು ಕತೆಯಲ್ಲಿ ಪೂರ್ತಿಯಾಗಿ ಕೂರಿಸಬೇಕು ಎಂಬುದೇ ಅತ್ತೆಯ ಈ ಎಲ್ಲ ವಿದ್ಯಾಭ್ಯಾಸದ ಗುರಿ. ಅಕ್ಷರ ಒತ್ತಲು ಬೇಸರವೆಂದು ಬಾಯಲ್ಲೇ ಹೇಳಿ ಮೊಬೈಲಿನಿಂದ ಬರೆಸುತ್ತಿದ್ದರು. ನಾಯಕ ಬಸ್ಸು ಹತ್ತುವ ಹೊತ್ತಿಗೆ, “ಲೇ, ಹಾಲು ಉಕ್ಕಾಕತ್ತೈತಿ, ಜಲ್ದಿ ಬಾ!” ಎಂದು ನನ್ನನ್ನು ಕೂಗಿದ್ದೂ ಕತೆಯೊಳಗೆ ಸೇರಿಕೊಂಡಿತು. ಒಬ್ಬರ ಕತೆಯನ್ನು ಮತ್ತೊಬ್ಬರು ತಿದ್ದುವ ಆನ್‌ಲೈನ್ ಗುಂಪಿಗೆ ಅದು ಹಾಗೆಯೇ ಹೋಯಿತು. ಅಲ್ಲಿನ ವಿಮರ್ಶಕರೊಬ್ಬರು, ಉಕ್ಕುವ ಹಾಲು ನಾಯಕನ ಒಳತಳಮಳದ ಅದ್ಭುತ ಪ್ರತಿಮೆ ಎಂದು ಕೊಂಡಾಡಿದರು. ಅಂದಿನಿಂದ ಅತ್ತೆ ಹಾಲಿಟ್ಟು ಒಲೆಯ ಬಳಿ ನಿಲ್ಲುವುದನ್ನೇ ಬಿಟ್ಟರು!

ಅದೇ ವಿಮರ್ಶಕರು ಇನ್ನೊಂದು ಮಾತು ಸೇರಿಸಿದ್ದರು: ಇಷ್ಟು ಒಳ್ಳೆಯ ಗಂಡಸನ್ನು ಯಾರೂ ನಂಬುವುದಿಲ್ಲ, ನಾಯಕನಿಗೆ ಒಂದಾದರೂ ದೋಷವಿರಲಿ. ಅತ್ತೆ ತಕ್ಷಣ ಸಂಡೂರಿನಲ್ಲಿದ್ದ ನಮ್ಮಪ್ಪನಿಗೆ, ಅಂದರೆ ತಮ್ಮ ಅಣ್ಣನಿಗೆ, ಫೋನ್ ಹಚ್ಚಿದರು.

“ಅಣ್ಣಾ, ನಮ್ಮನಿಯವ್ರದು ಒಂದು ತಪ್ಪು ಹೇಳು. ಕತಿಗೆ ಬೇಕಾಗೈತಿ.”

ಅಪ್ಪ ಇಷ್ಟು ವರ್ಷ ಈ ಕರೆಗೇ ಕಾದಿದ್ದರೇನೋ! “ಒಂದ್ಯಾಕ? ಧೂಳು ಬೂಟಿನ್ಯಾಗ ಸೀದಾ ಪಡಸಾಲಿಗೆ ಬರ್ತಿದ್ದ. ಗೊರಕಿ ಅಂದ್ರ, ಓಣಿಗೆಲ್ಲಾ ಕೇಳ್ತಿತ್ತು. ಇಸ್ಪೀಟಿನ್ಯಾಗ ಮೋಸ ಬ್ಯಾರೆ!”

“ಗೊರಕಿ ತಪ್ಪಾ? ಅದು ಕೇಳಿದ್ರನ ನನಗ ನಿದ್ದಿ ಹತ್ತತಿತ್ತು. ಇಸ್ಪೀಟು ನಿನಗ ಆಡಾಕ ಬರಂಗಿಲ್ಲ. ಇಡು ಫೋನು!”

ಆ ವಾರವೆಲ್ಲ ಅಣ್ಣ-ತಂಗಿಗೆ ಮಾತಿಲ್ಲ. ಕತೆಗೆ ಸಂಘರ್ಷ ಬೇಕೆಂಬ ಪಾಠವಂತೂ ಮನೆಯಲ್ಲಿ ಚಾಚೂ ತಪ್ಪದೆ ಪಾಲನೆಯಾಯಿತು!

ಈಗ ಗುಂಪಿನವರು ಕತೆಯ ಮುಕ್ತಾಯ ಕೇಳುತ್ತಿದ್ದಾರೆ. ಅತ್ತೆ ‘ಕತೆ ಮುಗಿಸುವುದು ಹೇಗೆ’ ಎಂಬ ವಿಡಿಯೊಗಳನ್ನೆಲ್ಲ ನೋಡಿಯಾಯಿತು. ಕತೆ ಮಾತ್ರ ಮುಗಿಯಲೊಲ್ಲದು. ಮೊನ್ನೆ ನನಗೆ ಓದಲು ಕೊಟ್ಟರು. ನಾಯಕ ನಸುಕಿನಲ್ಲಿ ಹೊರಡುತ್ತಾನೆ, ಸಂಜೆ ಬಂದು ಚಹಾ ಕುಡಿಯುತ್ತಾನೆ. ಮರುದಿನ ಯಶವಂತನಗರದ ಬಳಿ ಲಾರಿಯವನೊಡನೆ ಜಗಳವಾಡಿ, ಸಂಜೆ ಬರುತ್ತಾನೆ. ಅದರ ಮರುದಿನ ಒಂದು ಚೀಲ ಸೀತಾಫಲ ಹೊತ್ತು ಬರುತ್ತಾನೆ. ಹೀಗೇ ದಿನದ ಮೇಲೆ ದಿನ.

“ಏನರ ಆಗಬೇಕಲ್ರಿ ಅತ್ತಿ, ಕತಿ ಅಂದಮ್ಯಾಲ?”

“ಆಗ್ತೈತಲ್ಲ! ದಿನಾ ಸಂಜಿಕ ಮನಿಗೆ ಬರ್ತಾರ.”

ನಗಲೆಂದು ಬಾಯಿ ತೆರೆದವಳು ನಗಲಿಲ್ಲ. ಕೇಳಬಾರದಿತ್ತೇನೋ, ಕೇಳಿಬಿಟ್ಟೆ.

“ಮಾಮಾ ಬರಲಾರದ ಸಂಜಿ ಯಾವಾಗ ಬರೀತೀರಿ, ಅತ್ತಿ?”