ನನ್ನ ಮೆಂತ್ಯದ ಪಾತಿ, ಪಕ್ಕದ ಮನೆಯ ಪಾತಿ

ಮನೆಯ ಹಿಂದೆ ಸ್ವಲ್ಪ ಮಣ್ಣಿದ್ದರೆ ಸಾಕು, ಬೆಕ್ಕಿನ ವಿಷಯದಲ್ಲಿ ಹೇಳಿಕೊಳ್ಳಲು ವಾರಕ್ಕೊಂದು ಸಂಗತಿ ಹುಟ್ಟುತ್ತದೆ. ಚೆನ್ನೈನ ಪೆರಂಬೂರಿನ ನಮ್ಮ ಹಿತ್ತಿಲು ಒಂದು ಮಂಚದಷ್ಟಿದೆ. ಸಂಗತಿಗಳಿಗೆ ಅಷ್ಟು ಜಾಗ ಸಾಲುತ್ತಿಲ್ಲ.

೧. ಉಪ್ಪು

ಸಸ್ಯಶಾಸ್ತ್ರದಲ್ಲಿ ಎಂಎಸ್ಸಿ ಮಾಡಿದ ನಾನು ಬೆಳೆದ ಮೆಂತ್ಯದಲ್ಲಿ ಅಮ್ಮ ಪಲ್ಯ ಮಾಡಬೇಕು, ಇದೊಂದೇ ನನ್ನ ಆಸೆ. ಮಣ್ಣನ್ನು ಮೂರು ಸಲ ಜರಡಿ ಹಿಡಿದು ಬೀಜ ಹಾಕಿದೆ. ಬೆಳಗ್ಗೆ ನೋಡಿದರೆ ಬೀದಿಯ ಬೆಕ್ಕುಗಳು ಐದು ಗುಂಡಿ ತೋಡಿ, ಬಂದ ಕೆಲಸ ಮುಗಿಸಿ ಹೋಗಿದ್ದವು.

ಮೋಟುಗೋಡೆಯ ಆಚೆ, ರೈಲ್ವೆಯಲ್ಲಿ ಫಿಟ್ಟರ್ ಆಗಿದ್ದು ನಿವೃತ್ತರಾದ ಪಕ್ಕದ ಮನೆ ಮಾಮನ ಪಾತಿ. ಜಲ್ಲಿಕಲ್ಲಿನ ನಡುವೆ ಗೇಣುದ್ದ ಮೆಂತ್ಯ. ಒಂದು ಗುಂಡಿಯೂ ಇಲ್ಲ. ಅವರೇ ಒಂದು ಕಟ್ಟು ಕೊಟ್ಟರು. ಎಷ್ಟು ಎಳಸು ನೋಡು ಎಂದು ಹೊಗಳುತ್ತಲೇ ಅಮ್ಮ ಬಾಣಲೆಯಿಂದ ಒಂದು ಚಮಚ ಪಲ್ಯ ಕೊಟ್ಟಳು. ಉಪ್ಪು ಹೆಚ್ಚಾಗಿದೆ ಎಂದೆ. ಅಮ್ಮನ ಕೈಯಲ್ಲಿ ಉಪ್ಪಿನ ಡಬ್ಬಿ ಇತ್ತು.

"ಇನ್ನೂ ಹಾಕಿಲ್ಲ ಕಣೇ."

೨. ಪ್ರಯೋಗ

ಪಾತಿಯನ್ನು ನಾಲ್ಕು ಭಾಗ ಮಾಡಿದೆ. ಒಂದಕ್ಕೆ ಕಿತ್ತಳೆ ಸಿಪ್ಪೆ, ಒಂದಕ್ಕೆ ಕಾಫಿ ಚರಟ, ಒಂದಕ್ಕೆ ಮೆಣಸಿನ ಪುಡಿ. ಹೋಲಿಕೆಗೆಂದು ನಾಲ್ಕನೆಯದನ್ನು ಹಾಗೇ ಬಿಟ್ಟೆ. ಮರುದಿನ ಮೊದಲ ಮೂರರಲ್ಲೂ ಗುಂಡಿ. ನಾಲ್ಕನೆಯದು ಮಾತ್ರ ಸ್ವಚ್ಛ.

ಮಾಮ ಗೋಡೆಯ ಮೇಲಿಂದ ಇಣುಕಿ ಆ ಮೂಲೆಗೆ ಏನು ಹಾಕಿದ್ದೆ ಎಂದು ಕೇಳಿದರು. ಏನೂ ಇಲ್ಲ ಎಂದೆ.

"ಅಯ್ಯೋ ಪಾವಂ, ಇಷ್ಟು ಓದಿದ್ದೀಯ. ಎಲ್ಲ ಕಡೆಯೂ ಅದನ್ನೇ ಹಾಕಮ್ಮ."

೩. ದೂರು

ಬೆಕ್ಕುಗಳು ಎಲ್ಲಿಂದ ಬರುತ್ತವೆ ಎಂದು ವಾರವಿಡೀ ಬರೆದಿಟ್ಟೆ. ಎಲ್ಲವೂ ಮಾಮನ ಪಾತಿ ದಾಟಿಯೇ ಬರುತ್ತಿದ್ದವು. ಅವರೇ ಇತ್ತ ಕಳಿಸುತ್ತಿದ್ದಾರೆ ಎಂಬ ಅನುಮಾನ ನನಗೆ. ಬರೆದಿಟ್ಟ ಪುಸ್ತಕ ತೋರಿಸಿ ವಿವರಣೆ ಕೇಳಿದೆ. ಅವರು ಕನ್ನಡಕ ಹಾಕಿಕೊಂಡು ಕೊನೆಯ ಸಾಲಿನವರೆಗೂ ಓದಿದರು.

"ಸರಿಯಾಗಿದೆ ಎಂಎಸ್ಸಿ. ನಮ್ಮದು ಬರೀ ಟ್ರ್ಯಾಕು. ಸ್ಟೇಷನ್ನು ನಿಮ್ಮದೇ."

೪. ಗೆಲುವು

ಕೊನೆಗೆ ಪೊರಕೆಕಡ್ಡಿಗಳನ್ನು ಸಮವಾಗಿ ಕತ್ತರಿಸಿ, ಸ್ಕೇಲು ಹಿಡಿದು ಎರಡೆರಡು ಇಂಚಿಗೆ ಒಂದರಂತೆ ಪಾತಿಯ ತುಂಬ ನೆಟ್ಟೆ. ಕಾಲಿಡಲು ಜಾಗ ಸಿಗದೆ ಬೆಕ್ಕುಗಳು ವಾಪಸ್ಸಾದವು. ಮೆಂತ್ಯ ಬಂತು. ಅಮ್ಮ ಪಲ್ಯ ಮಾಡಿ, ನಾನು ಕೇಳದೆಯೇ ಚೆನ್ನಾಗಿದೆ ಎಂದಳು.

ಆ ಹೊತ್ತಿಗೆ ಬೆಕ್ಕುಗಳು ಮಾಮನ ಜಲ್ಲಿಯನ್ನೇ ಸರಿಸಿಕೊಂಡು ಅಲ್ಲಿ ನೆಲೆಯಾಗಿದ್ದವು. ಅವರ ಮೆಂತ್ಯ ಪೂರ್ತಿ ಹಾಳು. ಮಾಮನಿಗೆ ಬೇಸರವೇ ಇಲ್ಲ. ಮೆಟ್ಟಿಲ ಮೇಲೆ ಕುಳಿತು ಒಂದೊಂದರ ತಲೆ ಸವರುತ್ತಿದ್ದರು. ಅವೂ ಕಣ್ಣು ಮುಚ್ಚಿ ಸವರಿಸಿಕೊಳ್ಳುತ್ತಿದ್ದವು.

ಪಲ್ಯ ಆರುತ್ತಿತ್ತು. ನಾನು ಕಿಟಕಿ ಬಿಟ್ಟು ಏಳಲಿಲ್ಲ. ಬೇಕಾದದ್ದೆಲ್ಲ ಆಯಿತಲ್ಲ, ಮುಖ ಯಾಕೆ ಹೀಗೆ ಎಂದು ಅಮ್ಮ ಕೇಳಿದಳು.

"ಎರಡು ತಿಂಗಳು ನಮ್ಮಲ್ಲಿಗೆ ಬಂದಿದ್ದವಮ್ಮ," ಎಂದೆ. "ಒಂದಾದರೂ ಇತ್ತ ತಿರುಗಿ ನೋಡಬಹುದಿತ್ತು."